ಗಿಟ್: "ರಿಲೀಸ್" ಬ್ರಾಂಚ್ ಇದ್ರೆ "ರಿಲೀಸ್/3.2" ಮಾಡೋಕೆ ಯಾಕ್ ಬಿಡ್ತಿಲ್ಲ?

ಮಳೆಗಾಲದ_ಡೆವ್:
ಎಲ್ರಿಗೂ ನಮಸ್ಕಾರ. ನಮ್ ಟೀಮಲ್ಲಿ ಗಿಟ್ (ಕೋಡ್ ಬದಲಾವಣೆಗಳ ಲೆಕ್ಕ ಇಡೋ ಸಾಫ್ಟ್‌ವೇರ್) ಬಳಸ್ತೀವಿ. ಇಷ್ಟ್ ದಿನ ಬ್ರಾಂಚ್‌ಗೆ (ಕೋಡಿನ ಬೇರೆ ಬೇರೆ ಕವಲಿಗೆ) ಯಾರಿಗೆ ಏನ್ ತೋಚುತ್ತೋ ಅದೇ ಹೆಸ್ರು ಇಟ್ಕೊಂಡು ನಡೀತಿತ್ತು, ಈಗ ಲೀಡ್ ಇನ್ಮೇಲೆ ಎಲ್ಲಾ ಸ್ಲ್ಯಾಶ್ ಹಾಕಿ ಗುಂಪು ಮಾಡ್ರಪ್ಪ ಅಂದಿದಾರೆ, ಫೀಚರ್/ಲಾಗಿನ್, ರಿಲೀಸ್/3.2 ಈ ಥರ. ಫೀಚರ್ ಏನೂ ತಕರಾರಿಲ್ದೆ ಆಯ್ತು. ರಿಲೀಸ್/3.2 ಮಾಡೋಕೆ ಹೋದ್ರೆ ಮಾತ್ರ ರೆಫ್ (ಗಿಟ್ ಒಳಗೆ ಬ್ರಾಂಚ್ ಹೆಸ್ರಿನ ದಾಖಲೆ) ಲಾಕ್ ಮಾಡೋಕಾಗಲ್ಲ, ರೆಫ್ಸ್/ಹೆಡ್ಸ್/ರಿಲೀಸ್ ಆಗ್ಲೇ ಇದೆ ಅಂತ ಎರರ್ ಹೊಡೀತಿದೆ. ನಾನ್ ಕೇಳ್ತಿರೋದು ರಿಲೀಸ್/3.2, ಇರೋದು ಬರೀ ರಿಲೀಸ್, ಎರಡೂ ಬೇರೆ ಬೇರೆ ಹೆಸ್ರು ತಾನೆ? ಲಾಕ್ ಅಂದಿದ್ಕೆ ಎಲ್ಲಾದ್ರೂ ಲಾಕ್ ಫೈಲ್ ಉಳ್ಕೊಂಡಿದ್ಯಾ ಅಂತ ಹುಡುಕ್ದೆ, ಇಲ್ಲ. ಇನ್ನೂ ತಮಾಷೆ ಅಂದ್ರೆ ಡಾಟ್ ಗಿಟ್ ಫೋಲ್ಡರ್ ಒಳಗೆ ರೆಫ್ಸ್, ಹೆಡ್ಸ್ ತನಕ ಹೋಗಿ ನೋಡಿದ್ರೆ ರಿಲೀಸ್ ಅನ್ನೋ ಫೈಲೂ ಇಲ್ಲ! ಆ ಹಳೇ ರಿಲೀಸ್ ಬ್ರಾಂಚ್ ಡಿಲೀಟ್ ಮಾಡೋ ಹಂಗಿಲ್ಲ, ಕ್ಯೂಎ (ಟೆಸ್ಟಿಂಗ್ ಟೀಮ್) ಬಿಲ್ಡ್ ಹೋಗೋದೇ ಅದ್ರಿಂದ, ಅದ್ರ ಮೇಲೆ ಪಿಆರ್‌ಗಳೂ (ಕೋಡ್ ಸೇರ್ಸಿ ಅನ್ನೋ ಕೋರಿಕೆಗಳು) ಓಪನ್ ಇವೆ. ಗಿಟ್‌ಹಬ್ಬಲ್ಲಿದೆ ರೆಪೋ (ನಮ್ ಕೋಡ್ ಭಂಡಾರ). ಏನ್ ಮಾಡ್ಲಿ?

ಹೆಡ್_ಎಲ್ಲಿದೆ:
ಲಾಕ್ ಅನ್ನೋ ಪದ ನೋಡಿ ತಲೆ ಕೆಡಿಸ್ಕೋಬೇಡಿ, ಸಮಸ್ಯೆ ಅದಲ್ಲ. ಗಿಟ್‌ಗೆ ಬ್ರಾಂಚ್ ಅಂದ್ರೆ ಒಂದು ಪುಟಾಣಿ ಫೈಲ್ ಅಷ್ಟೇ, 40 ಅಕ್ಷರದ ಕಮಿಟ್ ಹ್ಯಾಶ್ (ಉಳಿಸಿದ ಒಂದು ಬದಲಾವಣೆಯ ಗುರುತು) ಮತ್ತೆ ಕೊನೇಲೊಂದು ನ್ಯೂಲೈನ್, ಒಟ್ಟು 41 ಬೈಟ್. ನೀವು ಹೆಸ್ರಲ್ಲಿ ಸ್ಲ್ಯಾಶ್ ಹಾಕಿದ್ರೆ ಅದು ಅಲಂಕಾರಕ್ಕಲ್ಲ, ನಿಜವಾಗ್ಲೂ ಫೋಲ್ಡರ್ ಆಗುತ್ತೆ. ಅಂದ್ರೆ ರಿಲೀಸ್/3.2 ಬೇಕಂದ್ರೆ ರಿಲೀಸ್ ಅನ್ನೋ ಫೋಲ್ಡರ್ ಬೇಕು, ಅದ್ರೊಳಗೆ 3.2 ಅನ್ನೋ ಫೈಲ್. ಆದ್ರೆ ರಿಲೀಸ್ ಅನ್ನೋ ಹೆಸ್ರನ್ನ ಆಗ್ಲೇ ಒಂದು ಫೈಲ್ ಹಿಡ್ಕೊಂಡಿದೆ. ಒಂದೇ ಜಾಗದಲ್ಲಿ ಒಂದೇ ಹೆಸ್ರು ಫೈಲೂ ಆಗಿ ಫೋಲ್ಡರೂ ಆಗೋಕೆ ಬರಲ್ಲ. ಉಲ್ಟಾನೂ ಅಷ್ಟೇ, ಫೀಚರ್/ಲಾಗಿನ್ ಮಾಡ್ಕೊಂಡಿದೀರಲ್ಲ, ಈಗ ಬರೀ ಫೀಚರ್ ಅಂತ ಒಂದು ಮಾಡೋಕೆ ಹೋಗಿ ನೋಡಿ, ಬಿಡಲ್ಲ.

ಫೈಲ್ ಕಾಣ್ತಿಲ್ಲ ಅಂದ್ರಲ್ಲ, ಅದು ಪ್ಯಾಕ್ಡ್-ರೆಫ್ಸ್ ಅನ್ನೋ ಒಂದೇ ಫೈಲ್ ಒಳಗೆ ಸೇರ್ಕೊಂಡಿರುತ್ತೆ. ಜಿಸಿ (ಗಿಟ್‌ನ ಕಸ ಗುಡಿಸೋ ಕೆಲಸ) ಓಡಿದಾಗ ಗಿಟ್ ಈ ಚಿಲ್ಲರೆ ಫೈಲ್‌ಗಳನ್ನೆಲ್ಲಾ ಬಾಚಿ ಅಲ್ಲಿಗೆ ಹಾಕುತ್ತೆ. ಹಂಗಾದ್ರೆ ಫೋಲ್ಡರ್ ಜಾಗ ಖಾಲಿ ಇದ್ಯಲ್ಲ, ಯಾಕ್ ಬಿಡ್ಬಾರ್ದು ಅಂತ ಕೇಳ್ಬೋದು. ಆ ಬ್ರಾಂಚ್‌ಗೆ ನಾಳೆ ಒಂದು ಕಮಿಟ್ ಬಿದ್ರೆ ಅದು ಮತ್ತೆ ಫೈಲ್ ಆಗಿ ಹೊರಗೆ ಬರ್ಬೇಕು, ಜೊತೆಗೆ ಲಾಗ್ಸ್ ಫೋಲ್ಡರಲ್ಲಿ ರೆಫ್‌ಲಾಗೂ (ಬ್ರಾಂಚ್ ಹಿಂದೆ ಎಲ್ಲೆಲ್ಲಿತ್ತು ಅನ್ನೋ ಇತಿಹಾಸ) ಇದೇ ಹೆಸ್ರಲ್ಲೇ ಇರುತ್ತೆ, ಅದಕ್ಕೆ ಮುಂಚೇನೇ ತಡೆಯುತ್ತೆ. ಏನಿದೆ ಏನಿಲ್ಲ ಅಂತ ನೋಡೋಕೆ ಫೋಲ್ಡರ್ ಕೆದಕ್ಬೇಡಿ, ಗಿಟ್ ಫಾರ್-ಈಚ್-ರೆಫ್ ಓಡ್ಸಿ, ಎಲ್ಲಾ ಸಿಗುತ್ತೆ. ಆ ಫೈಲ್‌ಗಳನ್ನ ಕೈಯಲ್ಲಿ ಅಳ್ಸೋದಂತೂ ಬೇಡ್ವೇ ಬೇಡ.

ದೋಸೆ_ಡಿಪ್ಲಾಯ್:
ಇಷ್ಟೆಲ್ಲಾ ರಾಮಾಯಣ ಯಾಕೆ ಗುರು, ರಿಲೀಸ್-3.2 ಅಂತ ಹೈಫನ್ ಹಾಕಿ ಮುಗಿಸಿ. ಸ್ಲ್ಯಾಶ್ ಇದ್ರೆ ಐಡಿಇಲಿ (ಕೋಡ್ ಬರೆಯೋ ಸಾಫ್ಟ್‌ವೇರಲ್ಲಿ) ಫೋಲ್ಡರ್ ಥರ ಚೆಂದ ಕಾಣುತ್ತೆ ಅನ್ನೋದ್ ಬಿಟ್ರೆ ಏನ್ ಲಾಭ.

ಪೈಪ್‌ಲೈನ್_ಅಕ್ಕ:
@ದೋಸೆ_ಡಿಪ್ಲಾಯ್ ಲಾಭ ಇದೆ ಮಾರಾಯ್ರೆ, ಬ್ರಾಂಚ್ ಪ್ರೊಟೆಕ್ಷನ್, ಸಿಐ ಟ್ರಿಗರ್ (ಬಿಲ್ಡ್, ಟೆಸ್ಟ್ ತಾನಾಗೇ ಶುರು ಮಾಡೋ ನಿಯಮ) ಎಲ್ಲಾ ಪ್ಯಾಟರ್ನ್ ಮೇಲೇ ಹಾಕೋದು. ಹೈಫನ್‌ಗೂ ಪ್ಯಾಟರ್ನ್ ಬರಿಬೋದು ನಿಜ, ಆದ್ರೆ ಅವ್ರ ಟೀಮ್ ತೀರ್ಮಾನ ಆಗ್ಬಿಟ್ಟಿದೆಯಲ್ಲ.

@ಮಳೆಗಾಲದ_ಡೆವ್ ಡಿಲೀಟ್ ಮಾಡ್ಬೇಡಿ, ರೀನೇಮ್ ಮಾಡಿ. ಟರ್ಮಿನಲ್‌ನಿಂದ ಹೊಸ ಹೆಸ್ರಲ್ಲಿ ಪುಶ್ ಮಾಡಿ (ಸರ್ವರ್‌ಗೆ ಕಳ್ಸಿ) ಹಳೇದನ್ನ ಅಳ್ಸಿದ್ರೆ ಅದ್ರ ಮೇಲಿರೋ ಪಿಆರ್‌ಗಳು ಕ್ಲೋಸ್ ಆಗ್ಬಿಡ್ತಾವೆ. ಗಿಟ್‌ಹಬ್ ವೆಬ್‌ಸೈಟಲ್ಲೇ ಬ್ರಾಂಚ್ ರೀನೇಮ್ ಕೊಟ್ರೆ ಪಿಆರ್‌ಗಳ ಬೇಸ್ ತಾನಾಗೇ ಹೊಸ ಹೆಸ್ರಿಗೆ ಹೋಗುತ್ತೆ. ಹೆಸ್ರು ಕ್ಯೂಎ-ರಿಲೀಸ್ ಅಂತಲೋ ಏನೋ ಇಡಿ, ಬರೀ ರಿಲೀಸ್ ಅನ್ನೋದೇ ಪೂರ್ತಿ ಹೆಸ್ರಾಗಿ ಇರ್ಬಾರ್ದು ಅಷ್ಟೇ. ಆದ್ರೆ ವರ್ಕ್‌ಫ್ಲೋ ಯಾಮಲ್ ಫೈಲ್ (ಆ ಸಿಐ ನಿಯಮ ಬರ್ದಿಡೋ ಫೈಲ್) ಒಳಗೆ ಬರ್ದಿರೋ ಹೆಸ್ರು ತಾನಾಗೇ ಬದ್ಲಾಗಲ್ಲ, ಅದನ್ನ ನೀವೇ ತಿದ್ಬೇಕು, ಇಲ್ಲಾಂದ್ರೆ ಕ್ಯೂಎ ಬಿಲ್ಡ್ ಸದ್ದಿಲ್ದೆ ನಿಂತೋಗುತ್ತೆ, ಎರರ್ ಕೂಡ ಬರಲ್ಲ. ಅಲ್ಲೇ ಇನ್ನೊಂದು: ಟ್ರಿಗರಲ್ಲಿ ರಿಲೀಸ್/ ಆದ್ಮೇಲೆ ಒಂದೇ ಸ್ಟಾರ್ ಹಾಕಿದ್ರೆ ರಿಲೀಸ್/3.2 ಸಿಗುತ್ತೆ, ರಿಲೀಸ್/3.2/ಹಾಟ್‌ಫಿಕ್ಸ್ ಸಿಗಲ್ಲ, ಒಂದು ಸ್ಟಾರ್ ಸ್ಲ್ಯಾಶ್ ದಾಟಲ್ಲ. ಎರಡು ಸ್ಟಾರ್ ಹಾಕಿ. ಆದ್ರೆ ರಿಲೀಸ್/3.2 ಇರೋವಾಗ ಅದ್ರ ಕೆಳಗೆ ಹಾಟ್‌ಫಿಕ್ಸ್ ಮಾಡೋಕೂ ಬರಲ್ಲ, ಅದೇ ಕಥೆ ಮತ್ತೆ! ಅದಕ್ಕೆ ಈಗ್ಲೇ ನಿಯಮ ಮಾಡ್ಕೊಳ್ಳಿ, ಸ್ಲ್ಯಾಶ್‌ಗೆ ಮುಂಚೆ ಬರೋದು ಯಾವತ್ತೂ ಬರೀ ಗುಂಪಿನ ಹೆಸ್ರು, ಅದೇ ಹೆಸ್ರಲ್ಲಿ ಬ್ರಾಂಚ್ ಇರೋ ಹಂಗಿಲ್ಲ.

ಮಳೆಗಾಲದ_ಡೆವ್:
ಅಕ್ಕಾ ಕೆಲಸ ಆಯ್ತು, ಪಿಆರ್ ಎಲ್ಲಾ ಹಂಗೇ ಇವೆ, ರಿಲೀಸ್/3.2 ನೂ ಪುಶ್ ಆಯ್ತು. ಆದ್ರೆ ಈಗ ಟೀಮಲ್ಲಿ ಬೇರೆಯವ್ರಿಗೆ ಫೆಚ್ (ಸರ್ವರಿಂದ ಹೊಸದನ್ನ ತರೋದು) ಮಾಡಿದ್ರೆ ಅದೇ ಎರರ್, ರಿಮೋಟ್ಸ್/ಒರಿಜಿನ್/ರಿಲೀಸ್ ಇದೆ ಅಂತ. ಸರ್ವರಲ್ಲಿ ಆ ಹೆಸ್ರೇ ಇಲ್ಲ ಈಗ!

ಹೆಡ್_ಎಲ್ಲಿದೆ:
ಸರ್ವರಲ್ಲಿ ಹೋದ್ರೂ ಅವ್ರ ಮಷಿನಲ್ಲಿ ಹಳೇ ನಕಲು ಉಳ್ಕೊಂಡಿದೆ. ಸುಮ್ನೆ ಫೆಚ್ ಮಾಡಿದ್ರೆ ಗಿಟ್ ಹೊಸದು ತರುತ್ತೆ, ಹೋಗಿದ್ದನ್ನ ತೆಗ್ಯಲ್ಲ. ಎಲ್ರಿಗೂ ಗಿಟ್ ಫೆಚ್ --ಪ್ರೂನ್ ಓಡ್ಸೋಕೆ ಹೇಳಿ, ಅದು ಮೊದ್ಲು ಸತ್ತಿರೋದನ್ನ ಗುಡಿಸಿ ಆಮೇಲೆ ಹೊಸದು ತರುತ್ತೆ. ಎರರ್ ಕೊನೇಲಿ ಗಿಟ್ಟೇ "ರಿಮೋಟ್ ಪ್ರೂನ್ ಒರಿಜಿನ್ ಮಾಡಿ ನೋಡು" ಅಂತ ಸುಳಿವು ಕೊಟ್ಟಿರುತ್ತೆ, ಯಾರೂ ಅಷ್ಟು ದೂರ ಓದಲ್ಲ. ಫೆಚ್.ಪ್ರೂನ್ ಅನ್ನೋ ಕಾನ್ಫಿಗ್ ಟ್ರೂ ಮಾಡಿಟ್ರೆ ಮುಂದಕ್ಕೂ ಆಯ್ತು. ಲೋಕಲಲ್ಲಿ ಯಾರಾದ್ರೂ ರಿಲೀಸ್ ಚೆಕೌಟ್ ಮಾಡಿದ್ರೆ ಅದನ್ನ ಪ್ರೂನ್ ಮುಟ್ಟಲ್ಲ, ಗಿಟ್ ಬ್ರಾಂಚ್ -ಎಂ ಕೊಟ್ಟು ಕ್ಯೂಎ-ರಿಲೀಸ್ ಅಂತ ಅವ್ರೇ ಬದ್ಲಾಯಿಸ್ಕೋಬೇಕು.

ಮಳೆಗಾಲದ_ಡೆವ್:
ಎಲ್ರಿಗೂ ಸರಿ ಹೋಯ್ತು, ಒಬ್ಬರ ಮ್ಯಾಕಲ್ಲಿ ಮಾತ್ರ ಪ್ರೂನ್ ಮಾಡಿದ್ರೂ ಫೇಲ್. ನಮ್ ಉಬುಂಟುಲಿ ಏನೂ ಇಲ್ಲ.

ಪೈಪ್‌ಲೈನ್_ಅಕ್ಕ:
ಗಿಟ್ ಎಲ್‌ಎಸ್-ರಿಮೋಟ್ ಓಡ್ಸಿ ನೋಡಿ, ಸರ್ವರಲ್ಲಿ ದೊಡ್ಡ ಅಕ್ಷರದಿಂದ ಶುರುವಾಗೋ ರಿಲೀಸ್ ಇನ್ನೊಂದು ಇದ್ಯಾ ಅಂತ. ಲಿನಕ್ಸ್‌ಗೆ ದೊಡ್ಡಕ್ಷರ ಸಣ್ಣಕ್ಷರ ಬೇರೆ ಬೇರೆ, ಮ್ಯಾಕ್ ಡಿಸ್ಕ್‌ಗೆ ಡಿಫಾಲ್ಟ್ ಆಗಿ ಎರಡೂ ಒಂದೇ, ವಿಂಡೋಸೂ ಹಂಗೇ. ಅದಕ್ಕೇ ನಿಮಗೆ ಜಗಳ ಕಾಣಲ್ಲ, ಅವ್ರಿಗೆ ಕಾಣುತ್ತೆ.

ಮಳೆಗಾಲದ_ಡೆವ್:
ಇದೆ!! ಯಾರೋ ಯಾವ್ದೋ ಕಾಲದಲ್ಲಿ ಮಾಡಿದ್ದು, ಪಿಆರೂ ಇಲ್ಲ ಏನೂ ಇಲ್ಲ. ಅದನ್ನ ಟ್ಯಾಗ್ ಹಾಕಿಟ್ಟು ಡಿಲೀಟ್ ಮಾಡಿಸ್ತೀನಿ. ರೆಫ್‌ಟೇಬಲ್ ಅಂತ ಏನೋ ಹೊಸದು ಬಂದಿದ್ಯಂತಲ್ಲ, ಅದು ಹಾಕಿದ್ರೆ ಇದೆಲ್ಲಾ ತಪ್ಪುತ್ತಾ?

ಹೆಡ್_ಎಲ್ಲಿದೆ:
ಅರ್ಧ ತಪ್ಪುತ್ತೆ. 2024ರ ಗಿಟ್ 2.45ರಲ್ಲಿ ಬಂತು ಅದು, ಬ್ರಾಂಚ್‌ಗೊಂದು ಫೈಲ್ ಅನ್ನೋದ್ ಬಿಟ್ಟು ಎಲ್ಲಾ ಹೆಸ್ರನ್ನೂ ತನ್ನದೇ ಬೈನರಿ ಫಾರ್ಮ್ಯಾಟಲ್ಲಿ ಇಡುತ್ತೆ, ಹಂಗಾಗಿ ಮ್ಯಾಕ್‌ನ ದೊಡ್ಡಕ್ಷರ ಸಣ್ಣಕ್ಷರದ ಗೋಳು ಇರಲ್ಲ. ಇರೋ ರೆಪೋನ ಬದ್ಲಾಯ್ಸೋಕೆ 2.46ರಿಂದ ಗಿಟ್ ರೆಫ್ಸ್ ಮೈಗ್ರೇಟ್ ಇದೆ. ಆದ್ರೆ ರಿಲೀಸ್ ಮತ್ತು ರಿಲೀಸ್/3.2 ಒಟ್ಟಿಗೆ ಇಡೋಕೆ ಅದ್ರಲ್ಲೂ ಬಿಡಲ್ಲ. ಫಾರ್ಮ್ಯಾಟ್‌ಗೆ ತೊಂದ್ರೆ ಇಲ್ಲ, ಆದ್ರೆ ನಿಮ್ ಪಕ್ಕದವ್ರು ಹಳೇ ಫೈಲ್ ಪದ್ಧತೀಲೇ ಇದ್ರೆ ಅವ್ರು ಕ್ಲೋನ್ (ಇಡೀ ರೆಪೋದ ನಕಲು) ಮಾಡೋದ್ ಹೆಂಗೆ, ಅದಕ್ಕೆ ಬೇಕಂತ್ಲೇ ತಡೆದಿದಾರೆ.