ವಾರದ ಸಂಶೋಧನಾ ಕೆಲಸವನ್ನು ಎಕ್ಸೆಲ್ ಹಾಳೆಯಲ್ಲಿ ಯೋಜಿಸಿ ಲೆಕ್ಕ ಇಡುವುದು ಹೇಗೆ?

ಪ್ರಶ್ನೆ: ನಿಸಿದಿ_ಓದು

ಎಲ್ಲರಿಗೂ ನಮಸ್ಕಾರ. ನಾನು ಇತಿಹಾಸ ವಿಭಾಗದಲ್ಲಿ ಪಿಎಚ್‌.ಡಿ. ಎರಡನೆಯ ವರ್ಷದ ವಿದ್ಯಾರ್ಥಿನಿ. ಶ್ರವಣಬೆಳಗೊಳದ ನಿಸಿದಿ ಶಾಸನಗಳು, ಅಂದರೆ ತೀರಿಕೊಂಡ ಜೈನರ ಸ್ಮಾರಕ ಶಾಸನಗಳು, ನನ್ನ ವಿಷಯ. ಯಾವುದು ನಿಸಿದಿ, ಯಾವುದು ದಾನಶಾಸನ, ಯಾವುದು ಬರಿಯ ಯಾತ್ರಿಕನ ಹೆಸರು ಎಂಬುದನ್ನು ನಾನೇ ನೋಡಿ ಬೇರ್ಪಡಿಸಬೇಕೆಂಬ ಉದ್ದೇಶದಿಂದ, 1973ರಲ್ಲಿ ಪ್ರಕಟವಾದ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಪುಟಮಾಲೆಯ ಪರಿಷ್ಕೃತ ಎರಡನೆಯ ಸಂಪುಟದ 573 ಶಾಸನಗಳನ್ನೂ ಮೊದಲಿನಿಂದ ಕೊನೆಯವರೆಗೆ ಓದಿ ಟಿಪ್ಪಣಿ ಮಾಡಿಕೊಳ್ಳಲು ನಿಶ್ಚಯಿಸಿದೆ. ವಾರಕ್ಕೆ 25ರಂತೆ ಓದಿದರೆ 23 ವಾರಗಳಲ್ಲಿ ಮುಗಿಯುತ್ತದೆ ಎಂದು ಎಕ್ಸೆಲ್‌ನಲ್ಲಿ ಒಂದು ಹಾಳೆ ಮಾಡಿಕೊಂಡು, ಪ್ರತಿ ಶಾಸನಕ್ಕೂ ಒಂದು ಸಾಲು ಮೀಸಲಿಟ್ಟು, ಅದರ ಎದುರು ಓದಬೇಕಾದ ವಾರವನ್ನು ಬರೆದೆ.

ಒಂಬತ್ತು ವಾರಗಳಾದವು. ಲೆಕ್ಕದ ಪ್ರಕಾರ 225 ಆಗಬೇಕಿತ್ತು, ಆಗಿರುವುದು 138. ಆದರೂ ನನ್ನ ಹಾಳೆಯಲ್ಲಿ ಎಲ್ಲವೂ ಹಸಿರಾಗಿಯೇ ಕಾಣುತ್ತದೆ. ಏಕೆಂದರೆ ಪ್ರತಿ ಶನಿವಾರ ಸಂಜೆ ಉಳಿದುಹೋದ ಸಾಲುಗಳ ದಿನಾಂಕವನ್ನು ಅಳಿಸಿ ಮುಂದಿನ ವಾರದ ದಿನಾಂಕವನ್ನು ತುಂಬಿಬಿಡುತ್ತೇನೆ. ಇನ್ನೆಷ್ಟು ವಾರ ಬೇಕು ಎಂದು ಮಾರ್ಗದರ್ಶಕರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಸೆಮಿಸ್ಟರ್ ಕೊನೆಗೆ ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರಗತಿಯನ್ನು ಮಂಡಿಸಬೇಕಾಗಿದೆ. ನಾನು ಬೇರೆ ತಂತ್ರಾಂಶಕ್ಕೆ ಹೋಗಬೇಕೇ, ಅಥವಾ ಇದೇ ಹಾಳೆಯನ್ನು ಸರಿಪಡಿಸಿಕೊಳ್ಳಬಹುದೇ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ 1: ಹಳೆಯ_ಮೇಷ್ಟ್ರು

ತಂತ್ರಾಂಶ ಬದಲಿಸುವ ಅಗತ್ಯವಿಲ್ಲ. ನಿಮ್ಮ ಹಾಳೆಯಲ್ಲಿ ಎರಡು ದೋಷಗಳಿವೆ, ಎರಡೂ ತಿದ್ದಿಕೊಳ್ಳಬಹುದಾದವು.

ಮೊದಲನೆಯದು ನಿಮಗೇ ಗೊತ್ತಿದೆ. ಯೋಜಿಸಿದ ವಾರ ಒಂದು ಕಾಲಂನಲ್ಲಿ, ಓದಿ ಮುಗಿಸಿದ ದಿನಾಂಕ ಇನ್ನೊಂದು ಕಾಲಂನಲ್ಲಿ ಇರಬೇಕು. ಒಮ್ಮೆ ಬರೆದ ಯೋಜನೆಯ ಕಾಲಂ ಅನ್ನು ಮತ್ತೆ ಮುಟ್ಟಬಾರದು. ತಪ್ಪಿಹೋದ ವಾರಗಳು ನಿಮ್ಮ ವೇಗವನ್ನು ನಿಮಗೆ ತಿಳಿಸುವ ಏಕೈಕ ಸಾಕ್ಷ್ಯ, ಅದನ್ನು ಪ್ರತಿ ಶನಿವಾರ ನೀವೇ ಅಳಿಸುತ್ತಿದ್ದೀರಿ. ಯೋಜನೆ ಬದಲಾಗಲೇಬೇಕಾದರೆ ‘ಪರಿಷ್ಕೃತ ವಾರ’ ಎಂದು ಮೂರನೆಯ ಕಾಲಂ ಸೇರಿಸಿ, ಪಕ್ಕದಲ್ಲಿ ಕಾರಣವನ್ನು ನಾಲ್ಕು ಪದಗಳಲ್ಲಿ ಬರೆಯಿರಿ. ಸಮಿತಿಯವರು ವಿಳಂಬವನ್ನು ಸಹಿಸುತ್ತಾರೆ, ಕಾರಣ ಹೇಳಲಾಗದ ವಿಳಂಬವನ್ನು ಸಹಿಸುವುದಿಲ್ಲ. ಹಲವು ವರ್ಷ ಆ ಕುರ್ಚಿಯಲ್ಲಿ ಕುಳಿತವನಾಗಿ ಇದನ್ನು ಹೇಳುತ್ತಿದ್ದೇನೆ.

ಎರಡನೆಯದು ಇನ್ನೂ ಮುಖ್ಯ. ನೀವು ಶಾಸನಗಳನ್ನು ಎಣಿಸುತ್ತಿದ್ದೀರಿ, ಆದರೆ ಬೆಳಗೊಳದಲ್ಲಿ ಒಂದು ಶಾಸನ ಇನ್ನೊಂದಕ್ಕೆ ಸಮವಲ್ಲ. ಆ 573ರಲ್ಲಿ 271 ಚಿಕ್ಕಬೆಟ್ಟದ (ಚಂದ್ರಗಿರಿ) ಮೇಲಿವೆ, 172 ದೊಡ್ಡಬೆಟ್ಟದಲ್ಲಿ (ವಿಂಧ್ಯಗಿರಿ), 80 ಊರಿನಲ್ಲಿ, ಉಳಿದ 50 ಸುತ್ತಮುತ್ತಲ ಹಳ್ಳಿಗಳಲ್ಲಿ. ಚಿಕ್ಕಬೆಟ್ಟದ ಬಂಡೆಯ ಮೇಲೆ ಯಾರೋ ಯಾತ್ರಿಕ ಕೆತ್ತಿಹೋದ ಒಂದೇ ಸಾಲಿನ ಹೆಸರೂ ಒಂದು ಶಾಸನ, ಪಾರ್ಶ್ವನಾಥ ಬಸದಿಯ ನವರಂಗದಲ್ಲಿ ಕಂಬದ ನಾಲ್ಕೂ ಮುಖಗಳನ್ನು ತುಂಬಿಕೊಂಡಿರುವ, ಜೈನ ಮುನಿ ಮಲ್ಲಿಷೇಣರನ್ನು ಸ್ತುತಿಸುವ ಮಲ್ಲಿಷೇಣ ಪ್ರಶಸ್ತಿಯೂ ಒಂದು ಶಾಸನ. ಮೊದಲನೆಯದಕ್ಕೆ ಐದು ನಿಮಿಷ ಸಾಕು. ಎರಡನೆಯದರ ಸಂಸ್ಕೃತ ಶ್ಲೋಕಗಳನ್ನು ಅನ್ವಯಿಸಿ, ಆಚಾರ್ಯ ಪರಂಪರೆಯನ್ನು ಗುರುತು ಹಾಕಿಕೊಳ್ಳುವುದಕ್ಕೆ ಒಂದು ವಾರವೇ ಹಿಡಿಯಬಹುದು. ಎರಡಕ್ಕೂ ಒಂದೊಂದು ಅಂಕ ಕೊಟ್ಟರೆ, ಚೆನ್ನಾಗಿ ದುಡಿದ ವಾರ ಸೋಮಾರಿ ವಾರದಂತೆಯೂ, ಹಗುರವಾಗಿ ಕಳೆದ ವಾರ ಸಾಧನೆಯ ವಾರದಂತೆಯೂ ಕಾಣುತ್ತದೆ.

ಆದ್ದರಿಂದ ಶಾಸನಗಳ ಬದಲು ಪಂಕ್ತಿಗಳನ್ನು ಎಣಿಸಿ. ಸಂಪುಟದಲ್ಲಿ ಪಾಠಕ್ಕೆ ಪಂಕ್ತಿಸಂಖ್ಯೆ ಇದ್ದೇ ಇರುತ್ತದೆ. ಎರಡು ದಿನ ಕುಳಿತು 573 ಸಾಲುಗಳ ಎದುರೂ ಪಂಕ್ತಿಗಳ ಸಂಖ್ಯೆಯನ್ನು ತುಂಬಿಬಿಡಿ. ಬಳಿಕ ಇನ್ನೊಂದು ಹಾಳೆಯಲ್ಲಿ ವಾರಕ್ಕೊಂದು ಸಾಲಿನಂತೆ ಇಟ್ಟುಕೊಂಡು, ಷರತ್ತಿಗೆ ಹೊಂದುವ ಸಾಲುಗಳನ್ನಷ್ಟೇ ಕೂಡಿಸುವ ಸಮ್‌ಇಫ್ಸ್ (SUMIFS) ಸೂತ್ರದಿಂದ ಆ ವಾರ ಮುಗಿದ ಪಂಕ್ತಿಗಳ ಮೊತ್ತವನ್ನು ತೆಗೆಯಿರಿ. ಕಳೆದ ನಾಲ್ಕು ವಾರಗಳ ಸರಾಸರಿಯಿಂದ ಉಳಿದ ಪಂಕ್ತಿಗಳನ್ನು ಭಾಗಿಸಿದರೆ, ಮಾರ್ಗದರ್ಶಕರು ಕೇಳಿದ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಬೆಟ್ಟ ಹತ್ತಿ ಮೂಲ ಶಾಸನವನ್ನು ನೋಡುವ ಕೆಲಸವನ್ನು ಮಾತ್ರ ಇದರಲ್ಲಿ ಬೆರೆಸಬೇಡಿ. ಸವೆದ ಅಕ್ಷರಗಳು ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿಯೇ ಚೆನ್ನಾಗಿ ಕಾಣುವುದರಿಂದ, ಅದು ಹವಾಮಾನವನ್ನು ಅವಲಂಬಿಸಿದ ಕೆಲಸ. ಅದಕ್ಕೆ ಬೇರೆಯೇ ಹಾಳೆ ಇರಲಿ.

ಉತ್ತರ 2: ಕೋಶ_ಮತ್ತು_ಕೋಷ್ಟಕ

ನಾನು ಜೀವವಿಜ್ಞಾನದವನು, ಶಾಸನಗಳ ಬಗ್ಗೆ ಹೇಳಲಾರೆ. ಆದರೆ ಎಕ್ಸೆಲ್ ತಾನಾಗಿಯೇ ಮಾಡುವ ಬದಲಾವಣೆಗಳಿಂದ ನಮ್ಮ ಕ್ಷೇತ್ರ ಬಹಳ ಅನುಭವಿಸಿದೆ. ‘ಮಾರ್ಚ್1’, ‘ಸೆಪ್ಟ್1’ ಎಂಬಂಥ ವಂಶವಾಹಿ ಸಂಕೇತಗಳನ್ನು ಅದು ದಿನಾಂಕವೆಂದು ಭಾವಿಸಿ ಕೆಡಿಸುತ್ತಿದ್ದ ಕಾರಣ, 2020ರಲ್ಲಿ ಅವುಗಳ ಅಧಿಕೃತ ಹೆಸರುಗಳನ್ನೇ ಬದಲಿಸಿರುವುದನ್ನು ಪ್ರಕಟಿಸಲಾಯಿತು. ನೀವು ಸಂಪುಟ 2, ಶಾಸನ 73 ಎಂಬುದನ್ನು 2/73 ಎಂದು ಬರೆದರೆ ಅದು 1973ರ ಫೆಬ್ರವರಿ ಆಗಿಬಿಡುತ್ತದೆ. ಆಮೇಲೆ ಕೋಶದ ರೂಪವನ್ನು ಟೆಕ್ಸ್ಟ್ ಎಂದು ಬದಲಿಸಿದರೂ ಮೊದಲು ಬರೆದದ್ದು ಹಿಂದಿರುಗುವುದಿಲ್ಲ. ತುಂಬುವ ಮೊದಲೇ ಆ ಕಾಲಂ ಅನ್ನು ಟೆಕ್ಸ್ಟ್ ಮಾಡಿಕೊಳ್ಳಿ, ಅಥವಾ ಸಂಪುಟಕ್ಕೂ ಸಂಖ್ಯೆಗೂ ಬೇರೆ ಬೇರೆ ಕಾಲಂ ಇಡಿ.

ವಾರವನ್ನು ಕ್ರಮಸಂಖ್ಯೆಯಿಂದ ಗುರುತಿಸುವುದಕ್ಕಿಂತ ಆ ವಾರದ ಸೋಮವಾರದ ದಿನಾಂಕದಿಂದ ಗುರುತಿಸುವುದು ಒಳ್ಳೆಯದು. ವರ್ಷದ ಎಷ್ಟನೆಯ ವಾರ ಎಂದು ಹೇಳುವ ವೀಕ್‌ನಮ್ (WEEKNUM) ಸೂತ್ರವನ್ನು ಹಾಗೆಯೇ ಬಳಸಿದರೆ 2025ರ ಡಿಸೆಂಬರ್ 29 ಐವತ್ಮೂರನೆಯ ವಾರಕ್ಕೂ, ಅದೇ ವಾರದ ಗುರುವಾರವಾದ 2026ರ ಜನವರಿ 1 ಒಂದನೆಯ ವಾರಕ್ಕೂ ಸೇರುತ್ತವೆ, ನಿಮ್ಮ ಒಂದು ವಾರದ ಕೆಲಸ ಎರಡು ಹೋಳಾಗುತ್ತದೆ. ಮುಗಿಸಿದ ದಿನಾಂಕದಿಂದ ವಾರದ ಎಷ್ಟನೆಯ ದಿನ ಎಂದು ಹೇಳುವ ವೀಕ್‌ಡೇ (WEEKDAY) ಸೂತ್ರದ ಬೆಲೆಯನ್ನು, ಸೋಮವಾರವೇ 1 ಎಂದು ಎಣಿಸುವ ಆಯ್ಕೆಯೊಂದಿಗೆ ಕಳೆದು, 1 ಕೂಡಿಸಿದರೆ ಸೋಮವಾರದ ದಿನಾಂಕ ತಾನೇ ಬರುತ್ತದೆ.

ಸ್ಥಿತಿಯ ಕಾಲಂಗೆ ಡ್ರಾಪ್‌ಡೌನ್ ಕೊಡಿ. ಕೈಯಿಂದ ಬರೆದ ‘ಮುಗಿದಿದೆ’ ಎಂಬುದರ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಖಾಲಿ ಜಾಗ ಉಳಿದರೂ ಸೂತ್ರ ಅದನ್ನು ಎಣಿಸುವುದಿಲ್ಲ. ಹಳೆಯ ನುಡಿ ಅಕ್ಷರಗಳಲ್ಲಿರುವ ಟಿಪ್ಪಣಿಗಳನ್ನು ತಂದು ಅಂಟಿಸುವುದಿದ್ದರೆ, ಯೂನಿಕೋಡ್‌ಗೆ ಪರಿವರ್ತಿಸಿಯೇ ಅಂಟಿಸಿ; ಇಲ್ಲವಾದರೆ ಹುಡುಕಾಟವೂ ಫಿಲ್ಟರ್ ಕೂಡ ಕೆಲಸಕ್ಕೆ ಬಾರವು.

ಉತ್ತರ 3: ಹಳೆಯ_ಮೇಷ್ಟ್ರು

ಮೇಲಿನವರು ದಿನಾಂಕದ ಮಾತು ಎತ್ತಿದ್ದರಿಂದ ಇನ್ನೆರಡು ವಿಷಯಗಳು ನೆನಪಾದವು. ಎಕ್ಸೆಲ್‌ಗೆ 1900ರ ಜನವರಿ 1ಕ್ಕಿಂತ ಹಿಂದಿನ ದಿನಾಂಕಗಳು ದಿನಾಂಕಗಳೇ ಅಲ್ಲ. ಮಲ್ಲಿಷೇಣ ಪ್ರಶಸ್ತಿಯ ಶಕವರ್ಷ 1050ಕ್ಕೆ 78 ಕೂಡಿಸಿದರೆ 1128 ಬರುತ್ತದೆ, ಆದರೆ ಅದರ ತಿಥಿ ಫಾಲ್ಗುಣ ಮಾಸದ್ದಾದ್ದರಿಂದ ಅದು 1129ರ ಮಾರ್ಚ್‌ಗೆ ಸರಿಹೊಂದುತ್ತದೆ. ಹೀಗಾಗಿ ಶಕವರ್ಷ, ಸಂವತ್ಸರ, ಮಾಸ, ತಿಥಿ ಇವುಗಳನ್ನು ಬಿಡಿಬಿಡಿಯಾಗಿ ಬರೆದು, ಕ್ರಿಸ್ತಶಕದ ವರ್ಷವನ್ನು ಸಾಮಾನ್ಯ ಸಂಖ್ಯೆಯಾಗಿ ಪ್ರತ್ಯೇಕವಾಗಿ ನಮೂದಿಸಿ, ಸೂತ್ರದಿಂದ ತುಂಬಬೇಡಿ.

ಇದೇ ಸಂಪುಟದ ಮೊದಲ ಆವೃತ್ತಿಯಾದ ರೈಸ್ ಅವರ 1889ರ ಆವೃತ್ತಿಯಲ್ಲಿ 144 ಶಾಸನಗಳಿದ್ದವು, ನರಸಿಂಹಾಚಾರ್ಯರ 1923ರ ಆವೃತ್ತಿಯಲ್ಲಿ 500. ಮೂರು ಆವೃತ್ತಿಗಳ ಕ್ರಮಸಂಖ್ಯೆಗಳೂ ಬೇರೆ ಬೇರೆ. ಹಳೆಯ ಲೇಖನಗಳು ಹಳೆಯ ಸಂಖ್ಯೆಯನ್ನೇ ಉಲ್ಲೇಖಿಸುವುದರಿಂದ, ಮೂರಕ್ಕೂ ಮೂರು ಕಾಲಂ ಈಗಲೇ ಇರಲಿ.

ಮರುಪ್ರತಿಕ್ರಿಯೆ: ನಿಸಿದಿ_ಓದು

ಮೇಷ್ಟ್ರಿಗೂ ಜೀವವಿಜ್ಞಾನದ ಸರ್ ಅವರಿಗೂ ಹೃತ್ಪೂರ್ವಕ ಧನ್ಯವಾದಗಳು. ಪಂಕ್ತಿಗಳನ್ನು ತುಂಬಲು ಎರಡಲ್ಲ, ಮೂರು ದಿನ ಹಿಡಿಯಿತು. ಹಳೆಯ ದಿನಾಂಕಗಳನ್ನು ಅಳಿಸಿದ್ದರೂ, ಟಿಪ್ಪಣಿ ಪುಸ್ತಕದ ಪುಟಗಳ ಮೇಲೆ ತಾರೀಖು ಹಾಕುವ ಅಭ್ಯಾಸವಿದ್ದುದರಿಂದ ಒಂಬತ್ತು ವಾರಗಳ ಲೆಕ್ಕವನ್ನೂ ಮರಳಿ ಕಟ್ಟಲು ಸಾಧ್ಯವಾಯಿತು. ಮೂರನೆಯ ವಾರ 31 ಶಾಸನಗಳನ್ನು ಓದಿ ಸಂತೋಷಪಟ್ಟಿದ್ದೆ, ಅವುಗಳ ಪಂಕ್ತಿಗಳು 96. ಏಳನೆಯ ವಾರ ನಾಲ್ಕೇ ನಾಲ್ಕು ಎಂದು ಅತ್ತಿದ್ದೆ, ಅವುಗಳ ಪಂಕ್ತಿಗಳು 118. ಉಳಿದ ವಾರಗಳೂ ಹೆಚ್ಚುಕಡಿಮೆ ಇದೇ ಆಸುಪಾಸಿನಲ್ಲಿವೆ.

ನಾಳೆ ಮಾರ್ಗದರ್ಶಕರಿಗೆ ಎರಡೂ ಹಾಳೆಗಳನ್ನು ತೋರಿಸುತ್ತಿದ್ದೇನೆ. 1923ರ ಸಂಖ್ಯೆಗಳ ಕಾಲಂ ಅನ್ನು ಇಂದು ಸಂಜೆಯಿಂದ ತುಂಬಲು ಆರಂಭಿಸುತ್ತೇನೆ.