ಹೆದ್ದಾರಿ ದುರ್ಗದ ಮೇಲೆ ಹೋದರೂ ರೈಲು ಹಾದಿ ಚಿಕ್ಕಜಾಜೂರಿನ ಕಡೆಗೆ ಸರಿದದ್ದು ಏಕೆ?

ಕೋಟೆ ಕೆಳಗಿನವನು (ಚಿತ್ರದುರ್ಗ):
ಮಾನ್ಯರೇ, ಬೆಂಗಳೂರಿನಿಂದ ಪುಣೆಗೆ ಹೋಗುವ ಹೆದ್ದಾರಿ ತುಮಕೂರು, ಶಿರಾ, ಹಿರಿಯೂರು, ಚಿತ್ರದುರ್ಗಗಳನ್ನು ಹಾದು ನೇರವಾಗಿ ದಾವಣಗೆರೆ ಸೇರುತ್ತದೆ. ರೈಲು ಮಾತ್ರ ತುಮಕೂರು ಬಿಟ್ಟ ಮೇಲೆ ಪಡುವಣಕ್ಕೆ ಹೊರಳಿ ತಿಪಟೂರು, ಅರಸೀಕೆರೆ, ಕಡೂರು, ಬೀರೂರುಗಳನ್ನು ಸುತ್ತಿ, ಚಿಕ್ಕಜಾಜೂರಿನ ಮೂಲಕ ದಾವಣಗೆರೆಗೆ ಬರುತ್ತದೆ. ಜಿಲ್ಲಾ ಕೇಂದ್ರವಾಗಿದ್ದ ದುರ್ಗ ಮುಖ್ಯ ಮಾರ್ಗದಿಂದ ಹೊರಗುಳಿಯಿತು. ಬೆಟ್ಟಗಳ ಕಾರಣಕ್ಕೆ ಹೀಗಾಯಿತೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಇದು ಎಷ್ಟರ ಮಟ್ಟಿಗೆ ನಿಜ? ಈ ಮಾರ್ಗದ ಸರಕು ಸಾಗಣೆಯ ಇತಿಹಾಸ ಬಲ್ಲವರು ದಯವಿಟ್ಟು ತಿಳಿಸಬೇಕು.

ತುಂಗಭದ್ರಾ ತೀರ (ಹರಿಹರ):
ಬೆಟ್ಟದ ಕಾರಣವನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಎತ್ತಿನ ಗಾಡಿಗಳ ಕಾಲದಿಂದಲೂ ದೊಡ್ಡ ಘಟ್ಟ ಹತ್ತದೆಯೇ ರಸ್ತೆ ದುರ್ಗವನ್ನು ಮುಟ್ಟುತ್ತಿತ್ತು. ಉತ್ತರವನ್ನು ಬರಗಾಲದಲ್ಲಿ ಮತ್ತು ಸಾಲದಲ್ಲಿ ಹುಡುಕಬೇಕು ಎಂಬುದು ನನ್ನ ಅಭಿಪ್ರಾಯ.

1876–78ರ ಬರ ಮೈಸೂರು ಸೀಮೆಯನ್ನು ಹಿಂಡಿ ಹಾಕಿತು. 1871ರಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷದ ಆಸುಪಾಸಿಗೆ ಕುಸಿದಿತ್ತು. ಬೇರೆಡೆ ಧಾನ್ಯವಿದ್ದರೂ ಹೊತ್ತು ತರುವ ಎತ್ತುಗಳೇ ಮೇವಿಲ್ಲದೆ ಸತ್ತುಹೋದಾಗ, ರೈಲು ಇಲ್ಲದ ನಾಡಿಗೆ ಅನ್ನ ಮುಟ್ಟಿಸುವುದು ಅಸಾಧ್ಯವೆಂಬುದು ಆಡಳಿತಕ್ಕೆ ಮನವರಿಕೆಯಾಯಿತು. 1882ರಲ್ಲಿ ಸ್ಥಾಪನೆಯಾದ ಸದರ್ನ್ ಮರಾಠಾ ರೈಲ್ವೆ ಕಂಪನಿಯೂ ಇದೇ ಹಿನ್ನೆಲೆಯಲ್ಲಿ ಹುಟ್ಟಿದ್ದು. ಇತ್ತ ಸಂಸ್ಥಾನ 1884ರಲ್ಲಿ ಬೆಂಗಳೂರಿನಿಂದ ತುಮಕೂರಿನವರೆಗೆ ಮೀಟರ್ ಗೇಜ್ ಹಳಿ ಹಾಕಿತು. ಆದರೆ ಬರದ ಸಾಲ ತೀರಿರಲಿಲ್ಲ, ಮುಂದಕ್ಕೆ ಹಣವಿರಲಿಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1886ರಲ್ಲಿ, ಸಂಸ್ಥಾನದ ರೈಲು ಮಾರ್ಗಗಳು ಆ ಕಂಪನಿಯ ಕೈಸೇರಿದವು. ಹರಿಹರದವರೆಗಿನ ಕೆಲಸ 1889ರ ಹೊತ್ತಿಗೆ ಮುಗಿಯಿತು.

ಹಣ ಹಾಕುವ ಕಂಪನಿಗೆ ಬಾಡಿಗೆ ಹುಟ್ಟಬೇಕು. ತಿಪಟೂರು ಅರಸೀಕೆರೆಗಳ ಕೊಬ್ಬರಿ, ಬಾಬಾಬುಡನ್‌ಗಿರಿ ಕಡೆಯ ಕಾಫಿ, ಮಲೆನಾಡಿನ ಅಡಿಕೆ ಎಲ್ಲವೂ ಪಡುವಣದ ಸುತ್ತುದಾರಿಗೇ ಸಮೀಪ. ಬೀರೂರಿನಿಂದ ಶಿವಮೊಗ್ಗಕ್ಕೆ 1899ರಲ್ಲಿಯೇ ಕವಲು ಹಳಿ ಬಿದ್ದದ್ದನ್ನು ನೋಡಿದರೆ ಈ ಲೆಕ್ಕಾಚಾರ ಸ್ಪಷ್ಟವಾಗುತ್ತದೆ. ಮಳೆ ಕಡಿಮೆಯಿರುವ ಶಿರಾ–ಹಿರಿಯೂರು ಬಯಲು ಆಗ ಅಷ್ಟು ಸರಕು ಕೊಡುವಂತಿರಲಿಲ್ಲ.

ಮಂಡಿಪೇಟೆ (ದಾವಣಗೆರೆ):
ತುಂಗಭದ್ರಾ ತೀರದವರ ಮಾತಿಗೆ ದಾವಣಗೆರೆಯ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ನಮ್ಮ ಅಜ್ಜ ಇಲ್ಲಿನ ಗೂಡ್ಸ್ ಶೆಡ್ಡಿನಲ್ಲಿ ಹಮಾಲಿ ಮಾಡಿದವರು. ಹತ್ತಿಯ ಅಂಡಿಗೆಗೆ ಕಬ್ಬಿಣದ ಕೊಕ್ಕೆ ಹಾಕಿ, ಬೆನ್ನಿಗೆ ಗೋಣಿತಟ್ಟು ಕಟ್ಟಿಕೊಂಡು ವ್ಯಾಗನ್ನಿಗೆ ಏರಿಸುತ್ತಿದ್ದರಂತೆ. ಆ ಕೊಕ್ಕೆ ಈಗಲೂ ನಮ್ಮ ಮನೆಯ ಅಟ್ಟದ ಮೇಲಿದೆ. ಹಿಡಿ ಸವೆದು ಅವರ ಅಂಗೈಯ ಆಕಾರಕ್ಕೆ ಬಂದಿದೆ.

ಮೀಟರ್ ಗೇಜ್ ಹಳಿಯ ಅಗಲ 1,000 ಮಿಲಿಮೀಟರ್, ಬ್ರಾಡ್ ಗೇಜಿನದು 1,676. ಆದ್ದರಿಂದ ಮುಂಬೈಗೆ ಹೊರಟ ಅಂಡಿಗೆಯನ್ನು ಆ ಕಾಲದಲ್ಲಿ ಪುಣೆಯಲ್ಲಿ ಇಳಿಸಿ ಮತ್ತೊಂದು ವ್ಯಾಗನ್ನಿಗೆ ತುಂಬಬೇಕಿತ್ತು. ಬೆಂಗಳೂರು ಮತ್ತು ಗುಂತಕಲ್ಲಿನಲ್ಲಿಯೂ ಇದೇ ಪಾಡು. ಇಳಿಸಿ ಏರಿಸುವ ಕೂಲಿ, ನಷ್ಟ, ವಿಳಂಬ ಎಲ್ಲವೂ ಸರಕಿನ ಬೆಲೆಯ ಮೇಲೆ ಬೀಳುತ್ತಿದ್ದವು. ಹುಬ್ಬಳ್ಳಿ, ಲೋಂಡಾ, ಕ್ಯಾಸಲ್‌ರಾಕ್ ಮೂಲಕ ಮಾರ್ಮಗೋವಾ ಬಂದರಿಗೆ ಹೋಗುವ ಹಳಿ ಮಾತ್ರ ಮೀಟರ್ ಗೇಜೇ ಆಗಿದ್ದುದರಿಂದ, ನಮ್ಮ ಹತ್ತಿ ಗಾಡಿ ಬದಲಿಸದೆ ಕಡಲ ದಂಡೆ ಮುಟ್ಟಬಹುದಿತ್ತು. ಮುಂದೆ ದಾವಣಗೆರೆಯಲ್ಲಿ ಬಟ್ಟೆ ಗಿರಣಿಗಳೂ, 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ ನೆಲೆಯೂರುವುದಕ್ಕೆ ಈ ಹಳಿಯ ಆಸರೆ ದೊಡ್ಡದು ಎಂದು ನಾನು ನಂಬಿದ್ದೇನೆ. 1992ರಲ್ಲಿ ಆರಂಭವಾದ ಏಕಗೇಜ್ ಯೋಜನೆಯಡಿ ಮುಖ್ಯ ಮಾರ್ಗ ಬ್ರಾಡ್ ಗೇಜ್ ಆಯಿತು. ಈಗ ಅದು ವಿದ್ಯುತ್ ಮಾರ್ಗ. 2023ರ ಜೂನಿನಲ್ಲಿ ಆರಂಭವಾದ ಬೆಂಗಳೂರು–ಧಾರವಾಡ ವಂದೇ ಭಾರತ್ ನಮ್ಮ ದಾವಣಗೆರೆಯಲ್ಲಿ ನಿಲ್ಲುತ್ತದೆ.

ಕವಲು ದಾರಿ (ಚಳ್ಳಕೆರೆ):
ದುರ್ಗಕ್ಕೆ ರೈಲು ಬಂದದ್ದು 1921ರಲ್ಲಿ, ಅದೂ ಚಿಕ್ಕಜಾಜೂರಿನಿಂದ ಸುಮಾರು 34 ಕಿಲೋಮೀಟರಿನ ಕವಲಾಗಿ. ಅಲ್ಲಿಗೇ ಹಳಿ ಮುಗಿಯುತ್ತಿತ್ತು. ಆಚೆ ಬಳ್ಳಾರಿಯಿಂದ ರಾಯದುರ್ಗದವರೆಗೆ ಹಳೆಯ ಮೀಟರ್ ಗೇಜ್ ಹಳಿಯಿತ್ತು. ಎರಡರ ನಡುವೆ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ನಾವು ದಶಕಗಟ್ಟಲೆ ಲಾರಿಯನ್ನೇ ನೆಚ್ಚಿಕೊಂಡೆವು. ಎಣ್ಣೆ ಗಿರಣಿಗಳ ಊರಿನಿಂದ ಶೇಂಗಾ ಎಣ್ಣೆ, ಹಿಂಡಿ ಎಲ್ಲವೂ ರಸ್ತೆಯ ಮೇಲೆಯೇ ಹೋಗಬೇಕಿತ್ತು. ಆ ನಡುವಿನ ಹಳಿ 1995ರಲ್ಲಿ ಸೇರಿದ ಮೇಲೆ, ಮುಂದೆ ಬ್ರಾಡ್ ಗೇಜ್ ಆದಾಗ, ಬಳ್ಳಾರಿ ಕಡೆಯ ಕಬ್ಬಿಣದ ಅದಿರು ಚಿಕ್ಕಜಾಜೂರು, ಅರಸೀಕೆರೆ, ಹಾಸನದ ಮೂಲಕ ಮಂಗಳೂರು ಬಂದರಿಗೆ ಇಳಿಯಲು ದಾರಿಯಾಯಿತು. ಕವಲು ಹಾದಿಯೊಂದು ಇಷ್ಟು ಭಾರ ಹೊರುತ್ತದೆಂದು 1921ರಲ್ಲಿ ಯಾರೂ ಎಣಿಸಿರಲಾರರು.

ನನ್ನ ತಂದೆ ಮಾಯಕೊಂಡದ ಬಳಿಯ ನಿಲ್ದಾಣವೊಂದರಲ್ಲಿ ಕೆಲಸಕ್ಕಿದ್ದರು. ಒಂಟಿ ಹಳಿಯ ಕಾಲದಲ್ಲಿ, ನಿಲ್ಲದೆ ಹೋಗುವ ಗಾಡಿಯ ಡ್ರೈವರಿಗೆ ಬಳೆಗೆ ಕಟ್ಟಿದ ಚರ್ಮದ ಚೀಲವನ್ನು ಎತ್ತಿ ಹಿಡಿದು ಕೊಡುತ್ತಿದ್ದರು. ಒಳಗಿದ್ದ ಕಬ್ಬಿಣದ ಗುಂಡೇ ಟೋಕನ್. ಅದು ಕೈಯಲ್ಲಿಲ್ಲದೆ ಮುಂದಿನ ನಿಲ್ದಾಣದವರೆಗಿನ ಹಳಿಗೆ ಗಾಡಿ ಇಳಿಯುವಂತಿರಲಿಲ್ಲ.

ಕೋಟೆ ಕೆಳಗಿನವನು (ಚಿತ್ರದುರ್ಗ):
ಮೂವರಿಗೂ ಕೃತಜ್ಞತೆಗಳು. ಬೆಟ್ಟವೇ ಕಾರಣವೆಂದು ಇಷ್ಟು ವರ್ಷ ನಂಬಿದ್ದೆ. ಸರಕಿನ ಲೆಕ್ಕವೇ ಹೆಚ್ಚು ಸರಿ ಎನಿಸುತ್ತಿದೆ. 2011–12ರಲ್ಲಿ ಮಂಜೂರಾದ ತುಮಕೂರು–ಚಿತ್ರದುರ್ಗ–ದಾವಣಗೆರೆ ಹೊಸ ಮಾರ್ಗ ಸುಮಾರು 191 ಕಿಲೋಮೀಟರಿನದು. ಅದು ಹೆದ್ದಾರಿಯ ಜಾಡನ್ನೇ ಹಿಡಿದು ಶಿರಾ, ಹಿರಿಯೂರುಗಳ ಮೂಲಕ ಬರುವುದರಿಂದ ಈಗಿನ ಸುತ್ತಿಗಿಂತ 65 ಕಿಲೋಮೀಟರಿನಷ್ಟು ಉಳಿಯುತ್ತದೆ. ಶಿರಾ, ಹಿರಿಯೂರು ಎರಡು ಊರುಗಳಿಗೂ ರೈಲು ಬರುವುದು ಆಗಲೇ ಮೊದಲು.