ತೋಟದ ಮನೆ ಹೋಂಸ್ಟೇ: ಕೊಳಚೆ ಗುಂಡಿ ಆಳ ಮಾಡಿದರೆ ಸಾಕಾ?

ಗಿರಿತಪ್ಪಲು:
ಮೂಡಿಗೆರೆ ಹತ್ತಿರ ರೋಬಸ್ಟಾ ಕಾಫಿ ತೋಟದೊಳಗಿನ ಹಳೇ ಮನೆ. 4 ಕೋಣೆ ಗೆಸ್ಟ್‌ಗಳಿಗೆ ಬಿಡುವ ಯೋಚನೆ, ತುಂಬಿದ ದಿನ ಮನೆಯವರೂ ಸೇರಿ 12 ಜನ. ಇಳಿಜಾರಿನಲ್ಲಿ 20 ಮೀಟರ್ ಕೆಳಗೆ ಕುಡಿಯುವ ನೀರಿನ ಬಾವಿ, ಅದರಾಚೆ ಹೇಮಾವತಿ ಸೇರುವ ಹಳ್ಳ. ಈಗಿರುವ ಗುಂಡಿ ಮಳೆಗಾಲದಲ್ಲಿ ತುಂಬಿ ನಿಲ್ಲುತ್ತೆ. ಇನ್ನೂ ಆಳ ತೋಡಿದರೆ ಸಾಕು ಅಂತಾರೆ ಕಾಂಟ್ರಾಕ್ಟರ್. ಸರಿಯಾ?

ಜಂಬಿಟ್ಟಿಗೆ:
ದಯವಿಟ್ಟು ತೋಡಿಸಬೇಡಿ. ಮಳೆಗಾಲದಲ್ಲಿ ತುಂಬುತ್ತೆ ಅಂದರೆ ಅಂತರ್ಜಲ ಗುಂಡಿಯ ತಳಕ್ಕೆ ಬಂದಿದೆ ಅಂತ. ಆಳ ಮಾಡಿದಷ್ಟೂ ಕೊಳಚೆಯನ್ನು ನೇರ ಬಾವಿಗೆ ಬಿಟ್ಟ ಹಾಗೆ. ಮೊದಲು ಕೊಳಚೆ ತಂಗುವ ಸೆಪ್ಟಿಕ್ ಟ್ಯಾಂಕ್, ಆಮೇಲೆ ಅದರಿಂದ ಹೊರಬಂದ ನೀರು ನೆಲಕ್ಕಿಳಿಯುವ ಇಂಗುಗುಂಡಿ ಬೇಕು. ಇಂಗುಗುಂಡಿಯ ತಳ ಮಳೆಗಾಲದ ನೀರಿನ ಮಟ್ಟಕ್ಕಿಂತ 2 ಮೀಟರ್ ಮೇಲಿರಬೇಕು. ಆಗಸ್ಟ್‌ನಲ್ಲಿ ಒಂದು ಪರೀಕ್ಷೆ ಗುಂಡಿ ತೆಗೆದು ಅಳೆಯಿರಿ, ಏಪ್ರಿಲ್‌ನಲ್ಲಿ ಅಳೆದರೆ ಮೋಸ ಹೋಗ್ತೀರಿ. ಬಾವಿಗೆ 15 ಮೀಟರ್ ದೂರ ಅನ್ನುವುದು ಪುಸ್ತಕದ ಲೆಕ್ಕ. ಜಂಬಿಟ್ಟಿಗೆ (ಮುರಕಲ್ಲು) ನೆಲದ ತೂತುಗಳಲ್ಲಿ ನೀರು ಸೋಸದೇ ಓಡುತ್ತೆ, ಕನಿಷ್ಠ 30 ಮೀಟರ್ ಇಡಿ, ಅದೂ ಬಾವಿ ಇರುವ ಇಳಿಜಾರು ಬಿಟ್ಟು ಪಕ್ಕದ ಮಗ್ಗುಲಿಗೆ.

12 ಜನಕ್ಕೆ ತಲಾ 135 ಲೀಟರ್, ದಿನಕ್ಕೆ ಸುಮಾರು 1,600. ಎರಡು ದಿನ ನಿಲ್ಲಬೇಕು, ಕೆಸರಿಗೂ ಜಾಗ ಬೇಕು, ಅಂದರೆ 4,500 ಲೀಟರ್ ಸೆಪ್ಟಿಕ್ ಟ್ಯಾಂಕ್. ಒಳಗೆ 2.5 ಮೀ. ಉದ್ದ, 1.2 ಮೀ. ಅಗಲ, ನೀರಿನ ಆಳ 1.5 ಮೀ. ಒಳಬರುವ ಕಡೆಯಿಂದ ಉದ್ದದ ಮೂರನೇ ಎರಡು ಭಾಗ ಬಿಟ್ಟು ಒಂದು ಅಡ್ಡಗೋಡೆ. ಹೊರಹೋಗುವ ಪೈಪು ಒಳಬರುವುದಕ್ಕಿಂತ 5 ಸೆಂ.ಮೀ. ಕೆಳಗಿರಲಿ, ಎರಡಕ್ಕೂ ಟಿ (T ಆಕಾರದ ಪೈಪು ತುಂಡು, ಒಂದು ಬಾಯಿ ನೀರಿನೊಳಗೆ) ಹಾಕಿಸಿ. ಟಿ ಇಲ್ಲದಿದ್ದರೆ ಮೇಲೆ ತೇಲುವ ಕೆನೆ ಹೊರಗೆ ಹೋಗಿ ಇಂಗುವ ಜಾಗ ಕಟ್ಟಿಕೊಳ್ಳುತ್ತೆ. ಗಾರೆಯವರು ಮೊದಲು ಬಿಡುವುದೇ ಇದನ್ನು!

ನೀರು ಇಂಗುತ್ತಾ ನೋಡಲು 30 ಸೆಂ.ಮೀ. ಚೌಕದ ಗುಂಡಿಯನ್ನು ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ 15 ಸೆಂ.ಮೀ. ನೀರು ಹಾಕಿ. 25 ಮಿ.ಮೀ. ಇಳಿಯಲು 30 ನಿಮಿಷಕ್ಕಿಂತ ಹೆಚ್ಚು ಹಿಡಿದರೆ ಇಂಗುಗುಂಡಿ ನಡೆಯಲ್ಲ. ಆಗ ಇಳಿಜಾರಿಗೆ ಅಡ್ಡವಾಗಿ, ಆಳ ಹೋಗದೆ ನೆಲದ ಮೇಲ್ಮಟ್ಟದಲ್ಲೇ, ಜಲ್ಲಿ ತುಂಬಿದ ಉದ್ದನೆಯ ಚರಂಡಿ ಮಾಡಿ.

ಹೂಮಳೆ:
ಜುಲೈನಲ್ಲಿ ಟ್ಯಾಂಕ್ ಕೆಡುವುದು ಬಹುಪಾಲು ಸೂರಿನ ನೀರಿನಿಂದ. 100 ಚದರ ಮೀಟರ್ ಮಾಡಿಗೆ 2,000 ಮಿ.ಮೀ. ಮಳೆ ಅಂದರೆ 2 ಲಕ್ಷ ಲೀಟರ್. ಅದರಲ್ಲಿ ಸ್ವಲ್ಪ ಟ್ಯಾಂಕಿಗೆ ನುಗ್ಗಿದರೂ ಕೆಸರೆಲ್ಲ ಕದಡಿ ಹಳ್ಳಕ್ಕೆ. ಮಾಡಿನ ನೀರು ಹಿಡಿಯುವ ದೋಣಿಯ ಪೈಪು ಬೇರೆ ಮಾಡಿ. ಅಡುಗೆಮನೆ ನೀರಿಗೂ ಜಿಡ್ಡು ತಡೆಯುವ ಪುಟ್ಟ ತೊಟ್ಟಿ ಬೇಕು, 60–100 ಲೀಟರ್. ಹಂದಿ ಸಾರು ಮಾಡಿದ ವಾರ ಅದರ ಮೇಲೆ ಬೆಣ್ಣೆಯಂಥ ಗಟ್ಟಿ ಪದರ ನಿಂತಿರುತ್ತೆ. ವಾರಕ್ಕೊಮ್ಮೆ ತೆಗೆದು ದರಗಿನ (ಒಣ ಎಲೆ) ಜೊತೆ ಗೊಬ್ಬರದ ಗುಂಡಿಗೆ ಹಾಕಿ. ಸ್ನಾನದ ನೀರು ಬಾಳೆಗೆ ಬಿಡಬಹುದು.

ಇನ್ನೊಂದು, ಫೆಬ್ರುವರಿ–ಮಾರ್ಚ್‌ನಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹೊಡೆದು ಕೆರೆ ಬರಿದು ಮಾಡಿ, ಏಪ್ರಿಲ್–ಮೇ ರಜೆಗೆ ಕೋಣೆ ತುಂಬಿಸಿಕೊಂಡರೆ ಟ್ಯಾಂಕರ್ ಗತಿ. ಬುಕಿಂಗ್ ಒಪ್ಪುವ ಮೊದಲು ಕೆರೆಯ ನೀರಿನ ಲೆಕ್ಕ ಹಾಕಿ.

ಸಕಲೇಶಪುರ_ಕಡೆ:
ಬಾಳೆ ಮಾತ್ರ ಬೇಡ. ಆನೆ ಓಡಾಡುವ ಕಡೆ ಮನೆ ಹಿಂದೆ ಬಾಳೆ ನೆಡುವುದು ಅಂದರೆ ಕರೆದು ಊಟ ಹಾಕಿದ ಹಾಗೆ. ಜಲ್ಲಿ ಚರಂಡಿ ಮೇಲೆ ಕಾಬಾಳೆ (ಕ್ಯಾನಾ ಹೂಗಿಡ) ಹಾಕಿ. ಹಲಸು ಹಣ್ಣಾಗುವ ಮೊದಲೇ ಇಳಿಸಿ. ಎಂಜಲು ಮುಚ್ಚಳದ ಡ್ರಮ್ಮಿನಲ್ಲೇ ಗೊಬ್ಬರವಾಗಲಿ, ಜಿಡ್ಡೂ ಅಲ್ಲಿಗೇ; ತೆರೆದ ಗುಂಡಿಗೆ ಹಂದಿ, ಮಂಗ ತಪ್ಪುವುದಿಲ್ಲ. ಬೇಲಿಗೆ ಎನರ್ಜೈಸರ್ (ಬಿಟ್ಟು ಬಿಟ್ಟು ಸಣ್ಣ ಶಾಕ್ ಕೊಡುವ ಯಂತ್ರ) ಬಿಟ್ಟು ನೇರ ಕರೆಂಟ್ ಲೈನ್ ಕೊಡುವುದು ಅಪರಾಧ, ಆನೆಯಷ್ಟೇ ಅಲ್ಲ ಗೆಸ್ಟೂ ಸಾಯಬಹುದು.

ಗಿರಿತಪ್ಪಲು:
ಟ್ಯಾಂಕಿಗೆ ಬ್ಯಾಕ್ಟೀರಿಯಾ ಪುಡಿ ಹಾಕಬೇಕಾ? ಎಷ್ಟು ವರ್ಷಕ್ಕೆ ಖಾಲಿ ಮಾಡಿಸಬೇಕು?

ಜಂಬಿಟ್ಟಿಗೆ:
ಪುಡಿ ದಂಡ. ಆಸಿಡ್, ಫಿನಾಯಿಲ್ ಸುರಿಯುವುದು ನಿಲ್ಲಿಸಿ, ಇರುವ ಬ್ಯಾಕ್ಟೀರಿಯಾ ಬದುಕುತ್ತೆ. 2–3 ವರ್ಷಕ್ಕೊಮ್ಮೆ, ಕೆಸರು ಆಳದ ಮೂರನೇ ಒಂದು ಭಾಗ ಮುಟ್ಟಿದಾಗ ತೆಗೆಸಿ, ತಳದಲ್ಲಿ ಸ್ವಲ್ಪ ಬಿಡಿ. ಸಕ್ಕಿಂಗ್ ಗಾಡಿಯ ಪೈಪು ಮುಟ್ಟುವಂತೆ ಟ್ಯಾಂಕಿನ ಜಾಗ ಈಗಲೇ ಗುರುತಿಸಿ. ರಸ್ತೆ ಇಲ್ಲ ಅಂತ ಆಳುಗಳನ್ನು ಇಳಿಸುವುದು ಕೈಯಿಂದ ಮಲ ಬಾಚಿಸುವುದನ್ನು ನಿಷೇಧಿಸುವ 2013ರ ಕಾಯ್ದೆ ಪ್ರಕಾರ ಅಪರಾಧ, ಒಳಗಿನ ಗ್ಯಾಸಿಗೆ ಜೀವ ಹೋಗುತ್ತೆ.